ಸೋಮವಾರವೇ ಸಾಯುವ ಮೀನುಗಳು

ಮಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೀನುಗಳು ಸಾಯುತ್ತಿವೆ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ ಮಾರಾಯ್ರೆ, ನನ್ನ ಖಾತಾ ಬದಲಾವಣೆ ಅರ್ಜಿ ಇನ್ನೂ ಅಲ್ಲೇ ಉಂಟು.

ಸಾರ್ವಜನಿಕರು ಕಾದು ಕೂರುವ ಹಾಲ್‌ನ ಈಶಾನ್ಯ ಮೂಲೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಒಂಬತ್ತು ಗೋಲ್ಡ್ ಫಿಶ್: ಎಂಟು ಚಿನ್ನದ ಬಣ್ಣದವು, ಒಂದು ಕಪ್ಪು. ಮೂಲೆ ಹೇಳಿದ್ದು ವಾಸ್ತು, ಲೆಕ್ಕ ಹೇಳಿದ್ದು ಫೆಂಗ್‌ಶುಯಿ, ದುಡ್ಡು ಕೊಟ್ಟದ್ದು ಖಜಾನೆ. ಖಜಾನೆಯ ದುಡ್ಡು ಎಂದ ಮೇಲೆ ದಾಖಲೆ ಬೇಡವೇ? ಮೀನುಗಳನ್ನು ಕುರ್ಚಿ, ಮೇಜು, ಗಾಡ್ರೇಜ್ ಕಪಾಟುಗಳ ಕೆಳಗೆ ಡೆಡ್ ಸ್ಟಾಕ್ ರಿಜಿಸ್ಟರಿಗೆ ಹತ್ತಿಸಿದರು. ರಿಜಿಸ್ಟರಿನ ಮರ್ಯಾದೆಯನ್ನು ಮೀನುಗಳೇ ಉಳಿಸಿದವು.

ಮೊದಲು ಹೋದದ್ದು ಕಪ್ಪು ಮೀನು. "ಸಾಹೇಬರಿಗೆ ಬರಬೇಕಾದ ಕಂಟಕವನ್ನು ಅದು ತಗೊಂಡು ಹೋಯ್ತು" ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಆಮೇಲೆ ಸಾಹೇಬರಿಗೆ ಬೀದರಿಗೆ ವರ್ಗಾವಣೆ ಆಯಿತು, ಅದು ಬೇರೆ ವಿಷಯ. ಉಳಿದ ಎಂಟೂ ಸಾಲಾಗಿ ಹೋದವು. ಹೊಸ ಒಂಬತ್ತು ಬಂದವು, ಅವೂ ಹೋದವು. ಮೂರನೇ ಕಂತು ಮುಗಿದಾಗ, ಲೆಕ್ಕ ಪರಿಶೋಧನೆಯವರು ಕೇಳಿಯಾರು ಎಂಬ ಭಯದಿಂದ ತನಿಖಾ ಸಮಿತಿ ಹುಟ್ಟಿತು.

ಸಮಿತಿಯ ಸದಸ್ಯರೆಲ್ಲ ಈ ಊರಿನವರೇ. ಭಾನುವಾರ ಬೆಳಿಗ್ಗೆ ಸ್ಟೇಟ್‌ಬ್ಯಾಂಕ್ ಮಾರ್ಕೆಟಿನಲ್ಲೋ ಬಂದರಿನ ಧಕ್ಕೆಯಲ್ಲೋ ಬಂಗುಡೆಯ ಕಿವಿರು ಎತ್ತಿ, ಕೆಂಪಿದೆಯೋ ಇಲ್ಲವೋ ನೋಡಿ, ಮೀನಿನ ಹೆಂಗಸಿನ ಬಾಯಿಯಿಂದ ಬೈಗುಳ ತಿಂದು, ಆಮೇಲಷ್ಟೇ ಹಣ ಕೊಡುವ ಜನ. ಆದರೆ ಕಚೇರಿಯ ಮೀನು ಸತ್ತಾಗ ಒಬ್ಬರೂ ಕಿವಿರು ಎತ್ತಿ ನೋಡಲಿಲ್ಲ. ನೋಡಿದ್ದರೆ ಕಂದು ಬಣ್ಣ ಕಾಣುತ್ತಿತ್ತೋ ಏನೋ. ನೀರಿನಲ್ಲಿ ನೈಟ್ರೈಟ್ ಏರಿದರೆ ಮೀನಿನ ರಕ್ತ ಆಮ್ಲಜನಕ ಹೊರಲಾರದೆ ಕಂದುಗಟ್ಟುತ್ತದೆ. ಅದು ಬಿಡಿ, ದೇಶದ ಮೊತ್ತಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಇದೇ ಮಂಗಳೂರಿನಲ್ಲಿ ಉಂಟು, ರಿಕ್ಷಾದಲ್ಲಿ ಹೋಗುವಷ್ಟು ದೂರ. ಅಲ್ಲಿಗೆ ಫೋನು ಮಾಡಲು ಆಗುವುದಿಲ್ಲ, ಪತ್ರ "ಸೂಕ್ತ ಮಾರ್ಗದ ಮೂಲಕ" ಹೋಗಬೇಕು. ಆ ಮಾರ್ಗ ಬೆಂಗಳೂರು ಸುತ್ತಿ ಬರುತ್ತದೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ಬೇರೆ ಕುಸಿದಿರುತ್ತದೆ.

ಸಮಿತಿಗೆ ಬಂದ ಅಭಿಪ್ರಾಯಗಳು ಒಂದೆರಡಲ್ಲ. ದೃಷ್ಟಿ ತಾಗಿದೆ ಎಂದರು ರೆಕಾರ್ಡ್ ರೂಮಿನವರು. ಜಾಗದಲ್ಲಿ ನಾಗದೋಷ ಉಂಟು, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿ ಎಂದರು ಟಪಾಲು ವಿಭಾಗದವರು. ಮೀನು ಪೂರೈಸಿದವನು ಚೆನ್ನೈ ಮಾಲು ಬಿಟ್ಟು ಕೋಲ್ಕತ್ತಾ ಮಾಲು ಕೊಟ್ಟಿದ್ದಾನೆ ಎಂಬ ಗುಮಾನಿಯೂ ಕಡತ ಸೇರಿತು. ಎಲ್ಲರ ಬಾಯಲ್ಲೂ ಮೀನೇ ತಪ್ಪಿತಸ್ಥ. ನೀರಿನ ಮೇಲೆ ಯಾರಿಗೂ ಸಂಶಯ ಇಲ್ಲ. ಫಲ್ಗುಣಿ ಹೊಳೆಯಲ್ಲಿ ಮೀನು ಸತ್ತು ತೇಲಿದಾಗ ನಾವು ಮೂಗು ಮುಚ್ಚಿಕೊಂಡು ಸೇತುವೆ ದಾಟಿದವರಲ್ಲವೇ, 56 ಲೀಟರ್ ತೊಟ್ಟಿ ಯಾವ ಲೆಕ್ಕ?

ಆ 56 ಲೀಟರಿನಲ್ಲಿ ಒಂಬತ್ತು ಗೋಲ್ಡ್ ಫಿಶ್ ಎಂದರೆ ಬೆಳಗಿನ ಹೊತ್ತಿನ ಸಿಟಿ ಬಸ್ಸು. ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಅದನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಕಚೇರಿಯ ಶಿಸ್ತು ಅದಕ್ಕೆ ಅವಕಾಶ ಕೊಡುವುದಿಲ್ಲ. ಮೀನು ಸತ್ತಾಗಲೆಲ್ಲ ತೊಟ್ಟಿ, ಕಲ್ಲು, ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ತುಂಬೆ ಅಣೆಕಟ್ಟಿನಿಂದ ಬಂದ ಕ್ಲೋರಿನ್ ನೀರನ್ನು ನಲ್ಲಿಯಿಂದ ಸೀದಾ ತುಂಬಿಸುತ್ತಾರೆ. ಕ್ಲೋರಿನ್ ಹಾರಿಹೋಗಲೆಂದು ಒಂದು ದಿನ ಬಕೆಟಿನಲ್ಲಿ ಇಡಲಿಕ್ಕೂ ಪುರುಸೊತ್ತಿಲ್ಲ. ಕೆಲಸಗಾರ ಬ್ಯಾಕ್ಟೀರಿಯಾಗಳು ಪ್ರೊಬೇಷನ್ ಮುಗಿಸುವ ಮೊದಲೇ ವಜಾ.

ಇನ್ನು ಸಾರ್ವಜನಿಕರ ಕೊಡುಗೆ. ಅಡಂಗಲ್ಲಿಗೆ, ಅಂದರೆ ಪಹಣಿಗೆ, ಬಂದು ಮಧ್ಯಾಹ್ನದವರೆಗೆ ಕೂತವರು ಏನು ಮಾಡಬೇಕು? ಕ್ಯಾಂಟೀನಿನ ಗೋಳಿಬಜೆಯ ಚೂರು ಮೀನಿಗೆ ಹಾಕುತ್ತಾರೆ. ಅದು ತಳದಲ್ಲಿ ಕೊಳೆತು ಮತ್ತಷ್ಟು ಅಮೋನಿಯಾ. ಉಸಿರು ಕಟ್ಟಿದ ಮೀನು ನೀರಿನ ಮೇಲೆ ಬಂದು ಬಾಯಿ ಬಿಟ್ಟರೆ, "ಪಾಪ, ಹಸಿವು" ಎಂದು ಇನ್ನೊಂದು ಚೂರು. ಅದರ ಮೇಲೆ ಸೊಳ್ಳೆಯ ಸ್ಪ್ರೇ. ಮಲೇರಿಯಾಕ್ಕೆ ಹೆಸರಾಗಿದ್ದ ಊರಲ್ಲವೇ ನಮ್ಮದು? ಸ್ಪ್ರೇಯಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ಕಡು ವಿಷ, ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸೊಳ್ಳೆಯ ಮರಿ ತಿನ್ನಲೆಂದು ಬಾವಿಗೆ ಗಪ್ಪಿ ಮೀನು ಬಿಡುವುದೂ ಸರ್ಕಾರವೇ, ಸೊಳ್ಳೆ ಹೊಡೆಯಲು ಹೋಗಿ ಗೋಲ್ಡ್ ಫಿಶ್ ಕೊಲ್ಲುವುದೂ ಸರ್ಕಾರವೇ.

ಇಷ್ಟಾದರೂ ಸಾವು ಯಾವಾಗಲೂ ಸೋಮವಾರವೇ ಏಕೆ? ಹಾಜರಿ ಪುಸ್ತಕ ನೋಡಿದರೂ ಗೊತ್ತಾಗುತ್ತಿತ್ತು. "ಕಚೇರಿ ಬಿಡುವಾಗ ಎಲ್ಲ ಸ್ವಿಚ್ಚುಗಳನ್ನು ಕಡ್ಡಾಯವಾಗಿ ಆರಿಸತಕ್ಕದ್ದು" ಎಂಬ ಸುತ್ತೋಲೆ ಗೋಡೆಯ ಮೇಲೆಯೇ ಉಂಟು. ಅಟೆಂಡರ್ ವಿಧೇಯ ನೌಕರ. ಫ್ಯಾನಿನ ಜೊತೆ ಪಂಪು, ಫಿಲ್ಟರ್ ಎಲ್ಲ ಆಫ್. ಎರಡನೇ ಶನಿವಾರ ಸೇರಿದರೆ ಎರಡು ಹಗಲು, ಮೂರು ರಾತ್ರಿ. ಏಪ್ರಿಲ್ ತಿಂಗಳು, ಕಿಟಕಿ ಮುಚ್ಚಿದ ಹಾಲ್, ಬಿಸಿ ನೀರು. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಾತ್ರ. ಪಂಪು ಆಫ್ ಆಗುವ ಸಂಗತಿಯನ್ನು ಅಟೆಂಡರೇ ಸಮಿತಿಗೆ ಹೇಳಿದ್ದನಂತೆ: "ಸರ್, ಪಂಪು ಆನ್ ಇಟ್ಟು ಹೋಗ್ಲಾ?" ಸುತ್ತೋಲೆಗೆ ತಿದ್ದುಪಡಿ ತರುವ ಅಧಿಕಾರ ಸಮಿತಿಗೆ ಇಲ್ಲದ ಕಾರಣ ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ.

ಕೊನೆಗೂ ಒಬ್ಬ ಕಿರಿಯ ಸದಸ್ಯೆ ನೀರು ಪರೀಕ್ಷೆ ಮಾಡಿಸೋಣ ಎಂದರು. ಅಕ್ವೇರಿಯಂ ಅಂಗಡಿಯ ಕಿಟ್ ತಂದು ಹನಿ ಹಾಕಿದರೆ ಸಾಕು, ಹಳದಿ ನೀರು ಹಸಿರಾದಷ್ಟೂ ಅಮೋನಿಯಾ ಹೆಚ್ಚು. ಆದರೆ ಅಂಗಡಿಯ ಕಿಟ್ ಅಧಿಕೃತವಲ್ಲ. ಪ್ರಯೋಗಾಲಯಕ್ಕೇ ಕಳಿಸುವುದೆಂದು ಠರಾವಾಯಿತು. ಮಾದರಿ ತೆಗೆಯುವ ದಿನ ಸಮಿತಿ ಬರುತ್ತದೆಂದು ಮುಂಚಿತವಾಗಿ ತಿಳಿದ ಸಿಬ್ಬಂದಿ ತೊಟ್ಟಿ ಖಾಲಿ ಮಾಡಿ, ತೊಳೆದು, ಹೂವಿನ ಹಾರ ಹಾಕಿ ಇಟ್ಟಿದ್ದರು. ಬಾಟಲಿಯನ್ನು ಖಾಲಿ ಒಯ್ಯುವುದು ಸರಿಯಲ್ಲವೆಂದು ಸಾಹೇಬರ ಕೋಣೆಯ ಕ್ಯಾನ್ ನೀರು ತುಂಬಿಸಿ ಮೊಹರು ಮಾಡಿದರು. ವರದಿ ಬಂತು: ನೀರು ಕುಡಿಯಲು ಯೋಗ್ಯ.

ಆದ್ದರಿಂದ ಇಪ್ಪತ್ತೇಳು ಮೀನುಗಳದ್ದೂ ಸಹಜ ಸಾವು ಎಂದು ಷರಾ ಬರೆದು ಕಡತ ಮುಕ್ತಾಯ ಮಾಡಲಾಗಿದೆ. ಹೊಸ ಮೀನಿಗೆ ಕೊಟೇಷನ್ ಕರೆದಿದ್ದಾರೆ, ನೋಟಿಸ್ ಬೋರ್ಡಿನಲ್ಲಿ ನಾನೇ ಓದಿದೆ. ಚಿನ್ನದ ಬಣ್ಣ ಎಂಟು, ಕಪ್ಪು ಒಂದು. ಒಂದು ವರ್ಷದ ವಾರಂಟಿ ಕಡ್ಡಾಯ, ರಜಾದಿನಗಳಲ್ಲಿ ಸಾಯತಕ್ಕದ್ದಲ್ಲ.