ಉಳಿಸಿದ ಬಿಲ್ ಜೋಪಾನವಾಗಿಡಿ

ಕೊಡಗಿನಲ್ಲಿ ನಾಲ್ಕು ಜನ ಸೇರಿದರೆ ಮೊದಲೆಲ್ಲ ಮೂರೇ ವಿಷಯ. ಕಾಫಿ ರೇಟು ಎಷ್ಟು, ಮಳೆ ಎಷ್ಟು ಇಂಚು ಎಷ್ಟು ಸೆಂಟು, ನಿನ್ನೆ ಆನೆ ಯಾರ ತೋಟಕ್ಕೆ ಬಂತು. ಈಗ ನಾಲ್ಕನೆಯದು ಸೇರಿಕೊಂಡಿದೆ. ತೊಗರಿಬೇಳೆ ಮೈಸೂರಿನಲ್ಲಿ ಎಷ್ಟು? ಇದು ಶುರುವಾದ ಮೇಲೆ ಆನೆಯನ್ನು ಕೇಳುವವರೇ ಇಲ್ಲ.

ಮೈಸೂರಿನ ರಿಯಾಯಿತಿ ಸೂಪರ್‌ಮಾರ್ಕೆಟ್‌ಗೆ ಹೋಗಿ ಬಂದವರನ್ನು ಗುರುತಿಸುವುದು ಸುಲಭ. ಎದುರು ಸಿಕ್ಕರೆ ಅವರು ಕ್ಷೇಮ ಸಮಾಚಾರ ಕೇಳುವುದಿಲ್ಲ. ಜೇಬಿನಿಂದ ಬಿಲ್ ತೆಗೆಯುತ್ತಾರೆ. ಮೊಳದುದ್ದದ ಬಿಲ್. ಅದರ ಬುಡದಲ್ಲಿ ದಪ್ಪ ಅಕ್ಷರ: ‘ನೀವು ಇಂದು ಉಳಿಸಿದ್ದು 640 ರೂಪಾಯಿ’. ಪಹಣಿ, ಕಂದಾಯ ರಸೀದಿ ಇಡುವ ಫೈಲಿನಲ್ಲೇ ಇದನ್ನೂ ಇಡುವವರು ಇದ್ದಾರೆ. ಇಡಲಿ ಬಿಡಿ. ಮುಂದೆ ಪಾಲು ಹಂಚುವಾಗ ಬೇಕಾಗಬಹುದು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಹೋಗಿ ಬರಲು 240. ಕಾರು ಲೀಟರಿಗೆ 15 ಕೊಟ್ಟರೆ 16 ಲೀಟರ್ ಪೆಟ್ರೋಲ್. ಲೀಟರಿಗೆ ಬರೀ 100 ಅಂತಲೇ ಇಟ್ಟುಕೊಳ್ಳಿ, ಬಂಕಿನವರು ನಗಲಿ. 1,600 ರೂಪಾಯಿ ಆಯಿತು. ಅಂದರೆ 1,600 ಖರ್ಚು ಮಾಡಿ 640 ಉಳಿಸಿದ್ದಾರೆ. ಇದನ್ನು ಅವರ ಮುಂದೆ ಹೇಳಿ ನೋಡಿ. “ಪೆಟ್ರೋಲ್ ಹೇಗೂ ಹಾಕಿಸಲೇಬೇಕಲ್ವಾ ಅಣ್ಣ” ಎನ್ನುತ್ತಾರೆ. ಜೊತೆಗೆ, ಮೈಸೂರಿನಲ್ಲಿ ಬೇರೆ ಕೆಲಸವೂ ಇತ್ತಂತೆ. ಅತ್ತೆಯ ಕನ್ನಡಕದ ಕಾಲು ಸಡಿಲವಾಗಿತ್ತಂತೆ. ಮಡಿಕೇರಿಯಲ್ಲಿ ಸ್ಕ್ರೂ ಡ್ರೈವರ್ ಇಲ್ಲವೇ ಎಂದು ಕೇಳುವುದು ಸಭ್ಯರ ಲಕ್ಷಣ ಅಲ್ಲ.

ದಾರಿಯಲ್ಲಿ ತಿಂಡಿ, ಮಧ್ಯಾಹ್ನ ಊಟ, ಮಕ್ಕಳಿಗೆ ಐಸ್‌ಕ್ರೀಂ. ಇಷ್ಟು ದೂರ ಬಂದಿದ್ದೀವಿ ಎಂದು ಒಂದು ಪ್ರೆಶರ್ ಕುಕ್ಕರ್, ಮನೆಯಲ್ಲಿ ಈಗಾಗಲೇ ಎರಡಿದ್ದರೂ. ಇವು ಯಾವುದೂ ಲೆಕ್ಕಕ್ಕಿಲ್ಲ, ಏಕೆಂದರೆ ಬಿಲ್‌ನಲ್ಲಿ ಖರ್ಚು ಮಾಡಿದ್ದು ಸಣ್ಣ ಅಕ್ಷರದಲ್ಲೂ ಉಳಿಸಿದ್ದು ದಪ್ಪ ಅಕ್ಷರದಲ್ಲೂ ಇರುತ್ತದೆ. ಗೋಣಿಕೊಪ್ಪ, ವಿರಾಜಪೇಟೆ ಕಡೆಯವರದು ಇನ್ನೂ ದೊಡ್ಡ ಸಾಹಸ. ಅವರು ತಿತಿಮತಿ ದಾಟಿ ಆನೆಚೌಕೂರು ಕಾಡಿನಲ್ಲಿ ಹಾದು ಹೋಗಬೇಕು. ಆನೆ ರಸ್ತೆಗೆ ಬಂದು ನಿಂತರೆ ಕಾಯಬೇಕು. ಆಫರ್ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಅದಕ್ಕೆ ಯಾರು ಹೇಳುವುದು?

ಹಾಗಾದರೆ ಈ 640 ಬಂದದ್ದು ಎಲ್ಲಿಂದ? ಪೊಟ್ಟಣದ ಮೇಲೆ ಎಂಆರ್‌ಪಿ ಎಂದು ಒಂದು ಬೆಲೆ ಇರುತ್ತದೆ. ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುತ್ತದೆ ಕಾನೂನು. ಆದರೆ ಸೋಪಿಗೋ ಶಾಂಪೂಗೋ ಆ ಬೆಲೆ ಎಷ್ಟಿರಬೇಕು ಎಂದು ಬರೆಯುವವನು ಅದನ್ನು ತಯಾರಿಸಿದವನೇ. ಅವನು 250 ಎಂದು ಬರೆದು ಅಂಗಡಿಯವನು 160ಕ್ಕೆ ಕೊಟ್ಟರೆ ನಮಗೆ 90 ಉಳಿಯಿತು. 500 ಎಂದು ಬರೆದಿದ್ದರೆ 340 ಉಳಿಯುತ್ತಿತ್ತು. ಪಾಪ, ಸಂಕೋಚದ ಮನುಷ್ಯ. ಒಂದು ಗ್ರಾಮಿಗೆ, ಒಂದು ಮಿಲಿಲೀಟರಿಗೆ ಎಷ್ಟು ಬೀಳುತ್ತದೆ ಎಂದೂ ಈಗ ಪೊಟ್ಟಣದ ಮೇಲೆ ಬರೆದಿರುತ್ತಾರೆ. ಹೋಲಿಸಿ ನೋಡುವವರಿಗೆ ನಿಜವಾಗಿ ಬೇಕಾದದ್ದು ಅದೇ. ಆದರೆ ಅಷ್ಟು ಸಣ್ಣ ಅಕ್ಷರ ಓದಲು ಅತ್ತೆಯ ಕನ್ನಡಕ ಬೇಕು. ಅದು ರಿಪೇರಿಗೆ ಹೋಗಿದೆ.

ನಮ್ಮವರ ಮಕ್ಕಳು ಜರ್ಮನಿಯಲ್ಲೂ ಇದ್ದಾರಲ್ಲ, ಅಲ್ಲಿಂದಲೂ ಉಪದೇಶ ಬರುತ್ತದೆ. “ಇಲ್ಲಿ ಆಲ್ಡಿ ಅಂತ ಇದೆ ಅಪ್ಪ, ಡಿಸ್ಕೌಂಟ್ ಅಂದ್ರೆ ಅದು.” ಆ ಕಥೆ ಚೆನ್ನಾಗಿದೆ. 1946ರಲ್ಲಿ ಎಸ್ಸೆನ್ ಎಂಬ ಊರಿನಲ್ಲಿ ಕಾರ್ಲ್ ಮತ್ತು ಥಿಯೋ ಆಲ್ಬ್ರೆಕ್ಟ್ ಎಂಬ ಅಣ್ಣ ತಮ್ಮ ಅಮ್ಮನ ದಿನಸಿ ಅಂಗಡಿಯನ್ನು ವಹಿಸಿಕೊಂಡರು. ಅದು ಬೆಳೆಯಿತು. ಮುಂದೆ, ಅಂಗಡಿಯಲ್ಲಿ ಸಿಗರೇಟ್ ಮಾರಬೇಕೋ ಬೇಡವೋ ಎಂದು ಇಬ್ಬರಿಗೂ ಜಗಳ ಬಿತ್ತು. ಜರ್ಮನಿಯನ್ನೇ ಉತ್ತರ ನಿನಗೆ, ದಕ್ಷಿಣ ನನಗೆ ಎಂದು ಹಂಚಿಕೊಂಡರು. ಕೊಡಗಿನವರು ಇದನ್ನು ಕೇಳಿ ಆಶ್ಚರ್ಯಪಡುವುದಿಲ್ಲ. ಅವರು ಕೇಳುವುದು ಒಂದೇ: ಸರ್ವೆ ಯಾರು ಮಾಡಿದ್ದು?

ಆಲ್ಡಿ ಬೆಲೆ ಇಳಿಸಿದ ಗುಟ್ಟು ಬಹಳ ಸರಳ. ದೊಡ್ಡ ಸೂಪರ್‌ಮಾರ್ಕೆಟ್‌ಗಳು ಹತ್ತಾರು ಸಾವಿರ ಬಗೆಯ ಸಾಮಾನು ಇಟ್ಟರೆ ಇವರು ಇಡುವುದು ಎರಡು ಸಾವಿರದ ಆಸುಪಾಸು. ಸಾಮಾನನ್ನು ಅಂದವಾಗಿ ಜೋಡಿಸುವುದಿಲ್ಲ, ಬಂದ ಪೆಟ್ಟಿಗೆಯ ಬಾಯಿ ಹರಿದು ಹಾಗೇ ಇಡುತ್ತಾರೆ. ಅಲಂಕಾರ ಇಲ್ಲ. ಕೆಲಸದವರು ಕಡಿಮೆ. ಚೀಲ ನೀವೇ ತರಬೇಕು. ನಮ್ಮಲ್ಲೂ 2002ರಲ್ಲಿ ಮುಂಬೈನ ಪವಾಯಿಯಲ್ಲಿ ಮೊದಲ ಡಿಮಾರ್ಟ್ ತೆರೆದಾಗ ಹಿಡಿದದ್ದು ಹೆಚ್ಚುಕಡಿಮೆ ಇದೇ ದಾರಿ: ಥಳಕು ಬೇಡ, ಬೆಲೆ ಇಳಿಸಿ.

ಇದನ್ನೆಲ್ಲ ಓದಿಕೊಂಡು ನಮ್ಮ ಕಾಕಾ ಅವರ ಅಂಗಡಿಗೆ ಹೋಗಿ ನಿಂತೆ. ಗೋಣಿಚೀಲದ ಬಾಯಿ ಬಿಚ್ಚಿ ನೆಲದ ಮೇಲೆ ಇಟ್ಟಿದ್ದಾರೆ. ಸೋಪು ಎರಡು ಬಗೆ, ಮೂರನೆಯದು ಬೇಕಾದರೆ ಮುಂದಿನ ವಾರ. ಅಲಂಕಾರ ಎಂದರೆ ಒಂದು ಹಳೆಯ ಕ್ಯಾಲೆಂಡರ್. ಚೀಲ ತಂದಿಲ್ಲ ಎಂದರೆ ಮುಖ ನೋಡುತ್ತಾರೆ. ಕೆಲಸಕ್ಕೆ ಒಬ್ಬನೇ ಹುಡುಗ, ಅವನೂ ಊಟಕ್ಕೆ ಹೋಗಿರುತ್ತಾನೆ. ಜರ್ಮನ್ನರು ಕಂಡುಹಿಡಿದದ್ದೆಲ್ಲ ಇಲ್ಲಿದೆ. ಇಲ್ಲದಿರುವುದು ಒಂದೇ, ‘ಉಳಿಸಿದ್ದು’ ಎಂದು ಅಚ್ಚು ಹಾಕುವ ಯಂತ್ರ. ಕಾಕಾ ಪೊಟ್ಟಣದ ಹಿಂದೆ ಕೂಡುವ ಲೆಕ್ಕ ಮಾತ್ರ ಬರೆದು ಕೊಡುತ್ತಾರೆ. ಗಿರಾಕಿಗೆ ತಾನು ಏನೋ ಗೆದ್ದೆ ಅನ್ನಿಸುವುದೇ ಇಲ್ಲ.

ಇನ್ನು ಸಗಟು ಖರೀದಿ. ಎರಡು ಕೊಂಡರೆ ಒಂದು ಉಚಿತ, ಐದು ಕಿಲೋ ತೆಗೆದುಕೊಂಡರೆ ಬಕೆಟ್ ಉಚಿತ. ಇದು ಮೈಸೂರಿನವರಿಗೆ ಸರಿ, ಅಲ್ಲಿ ಬಿಸಿಲಿದೆ. ಮಡಿಕೇರಿ ಕಡೆ ಮಳೆ ವರ್ಷಕ್ಕೆ 100 ಇಂಚು ದಾಟುತ್ತದೆ. ಜೂನ್ ಮೊದಲ ವಾರ ಹತ್ತು ಕಿಲೋ ರವೆ ತಂದಿಟ್ಟವರ ಮನೆಯಲ್ಲಿ ಕಕ್ಕಡದ (ಜುಲೈ-ಆಗಸ್ಟ್‌ನ ಜಡಿಮಳೆ ತಿಂಗಳು) ಹೊತ್ತಿಗೆ ರವೆಗೆ ಬಲೆ ಕಟ್ಟಿರುತ್ತದೆ. ಉಪ್ಪು ನೀರಾಗಿರುತ್ತದೆ. ಬಿಸ್ಕತ್ತು ಬಗ್ಗುತ್ತದೆ, ಮುರಿಯುವುದಿಲ್ಲ. ಮೆಣಸಿನ ಪುಡಿಗೆ ಬೂಷ್ಟು. ಒಗೆಯುವ ಸೋಪಿನ ಪುಡಿ ಗಟ್ಟಿಯಾಗಿ, ಅದನ್ನು ಒಡೆಯಲು ಕತ್ತಿಯ ಹಿಂಬದಿ ಬೇಕಾಗುತ್ತದೆ. ಮನೆಯವರೆಲ್ಲ ಒಲೆಯ ಮುಂದೆ ಕೂತು ಬೇಳೆ ಬೆಚ್ಚಗೆ ಮಾಡುತ್ತಾರೆ. ಒಬ್ಬರು ಅಟ್ಟದ ಮೇಲೆ, ಒಬ್ಬರು ಕೆಳಗೆ, ಡಬ್ಬ ಹತ್ತಿಸಿ ಇಳಿಸಿ. ಇಷ್ಟು ಕಾಳಜಿ ಬಾಣಂತಿಗೂ ಸಿಗುವುದಿಲ್ಲ. ಬಕೆಟ್ ಮಾತ್ರ ಉಪಯೋಗಕ್ಕೆ ಬರುತ್ತದೆ, ಹೆಂಚು ಸೋರುವ ಕಡೆ ಇಡಲು.

ಮತ್ತೆ ಸಾಲದ ವಿಷಯ. ಮಳೆಗಾಲದಲ್ಲಿ ತೋಟದಿಂದ ದುಡ್ಡು ಬರುವುದಿಲ್ಲ. ರೊಬಸ್ಟಾ ಕಾಫಿ ಕುಯ್ದು, ಒಣಗಿಸಿ, ಮಾರಿ ದುಡ್ಡು ಎಣಿಸುವಾಗ ಫೆಬ್ರುವರಿ, ಮಾರ್ಚ್. ಅಲ್ಲಿಯವರೆಗೂ “ಬರೆದಿಟ್ಟುಕೊಳ್ಳಿ ಕಾಕಾ” ಎಂದರೆ ಕಾಕಾ ಬರೆದುಕೊಳ್ಳುತ್ತಾರೆ. ಬಡ್ಡಿ ಇಲ್ಲ, ಆಧಾರ್ ಇಲ್ಲ, ಒಟಿಪಿ ಇಲ್ಲ. ಬ್ಯಾಂಕಿನವರು ಇದನ್ನು ಕೇಳಿದರೆ ಮೂರ್ಛೆ ಹೋಗುತ್ತಾರೆ. ಈ ಒಂಬತ್ತು ತಿಂಗಳ ಬಡ್ಡಿಯನ್ನು ಯಾರೂ ಉಳಿತಾಯಕ್ಕೆ ಸೇರಿಸಿದ್ದನ್ನು ನಾನು ಕಂಡಿಲ್ಲ. ಬದಲಿಗೆ ಬೇಳೆ ಕಿಲೋಗೆ ಎಂಟು ರೂಪಾಯಿ ಜಾಸ್ತಿ ಎಂದು ಕಾಕಾ ಅವರಿಗೆ ಕಳ್ಳನ ಪಟ್ಟ. ಮೈಸೂರಿನಿಂದ ಬರುವಾಗ ಡಿಕ್ಕಿ ತುಂಬಿದ ಕಾರು ಅವರ ಅಂಗಡಿ ಮುಂದೆ ಸ್ವಲ್ಪ ಜೋರಾಗಿ ಹೋಗುತ್ತದೆ. ಸಂಜೆ ಅದೇ ಮನೆಯ ಹುಡುಗ ಬಂದು ನಿಲ್ಲುತ್ತಾನೆ. ಕಾಲು ಲೀಟರ್ ತೆಂಗಿನೆಣ್ಣೆ, ಒಂದು ಬೆಂಕಿಪೊಟ್ಟಣ, ಅಪ್ಪ ಬರೆದಿಡಲು ಹೇಳಿದ್ದಾರೆ.

ಇದೆಲ್ಲ ಹೋಗಲಿ. ನನಗೆ ತಡೆಯಲಾಗದ್ದು ಆ ಬಿಲ್‌ನ ನಡುವೆ ಕಾಣುವ ಎರಡು ಸಾಲು. ಒಂದು, ಕರಿಮೆಣಸು 100 ಗ್ರಾಂ. ತಂದವರ ಅಟ್ಟದಲ್ಲಿ ಎರಡು ವರ್ಷದ ಮೆಣಸು ಮೂಟೆಯಲ್ಲಿದೆ. ಬಿಚ್ಚುವುದಿಲ್ಲ. ರೇಟು ಬರಲಿ ಎಂದು ಕಾಯುತ್ತಿದ್ದಾರೆ. ಕಾಯುವವರೆಗೂ ಸಾರಿಗೆ ಖಾರ ಬೇಕಲ್ಲ, ಅದಕ್ಕೆ ಆಫರ್‌ನಲ್ಲಿ ಪೊಟ್ಟಣ.

ಎರಡನೆಯದು ಕಾಫಿ ಪುಡಿ, 20 ಪರ್ಸೆಂಟ್ ರಿಯಾಯಿತಿ. ಹತ್ತು ಎಕರೆ ಕಾಫಿ ಇರುವವರು ಕಾಫಿ ಪುಡಿಗೆ ಮೈಸೂರಿಗೆ ಹೋಗುತ್ತಾರೆ! ಮನೆಯಲ್ಲಿ ಹುರಿಯುವ ಡ್ರಮ್ ಇತ್ತು, ಅದರಲ್ಲಿ ಈಗ ಕೋಳಿ ಕಾವು ಕೂತಿದೆ. ಪೊಟ್ಟಣದ ಮೇಲೆ ಚಿಕೋರಿ ಮಿಶ್ರಿತ ಎಂದು ಬರೆದಿದೆ. ನಿಯಮದ ಪ್ರಕಾರ ಅಂಥ ಮಿಶ್ರಣದಲ್ಲಿ 100ಕ್ಕೆ ಕನಿಷ್ಠ 51 ಭಾಗ ಕಾಫಿ ಇದ್ದರೆ ಸಾಕು. ಮಿಕ್ಕ 49 ಒಂದು ಗೆಡ್ಡೆಯ ಪುಡಿ ಇರಬಹುದು, ಅದನ್ನು ಹೆಚ್ಚಾಗಿ ಬೆಳೆಯುವುದು ಗುಜರಾತಿನಲ್ಲಿ. ನಮ್ಮ ತೋಟದ ಕಾಫಿ ಲಾರಿ ಹತ್ತಿ, ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ನೋಡಿ, ಗುಜರಾತಿನ ನೆಂಟನ ಜೊತೆ ಸೇರಿ, ಅರ್ಧಕ್ಕರ್ಧ ಇಳಿದು, ಬಣ್ಣದ ಅಂಗಿ ತೊಟ್ಟು ವಾಪಸ್ ಮನೆಗೆ ಬಂತು. ಮನೆಯವರು ಗುರುತು ಹಿಡಿಯಲಿಲ್ಲ. “ಪರವಾಗಿಲ್ಲ, ಡಿಕಾಕ್ಷನ್ ದಪ್ಪ ಬರುತ್ತದೆ” ಎಂದರು.

ಬೇಳೆಯ ಎಂಟು ರೂಪಾಯಿಗೆ ಜಿಲ್ಲೆ ದಾಟುವ ಈ ಧೀರರು ಕಾಫಿ ಮಾರುವಾಗ ಮಾತ್ರ ಸಾಧುಗಳು. ವ್ಯಾಪಾರಿ ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ, ಇಷ್ಟೇ ಬಂತು ಎಂದರೆ ಇಷ್ಟೇ. ತೇವ ಜಾಸ್ತಿ ಎಂದರೆ ಜಾಸ್ತಿ. ಪಕ್ಕದ ಊರಿನ ವ್ಯಾಪಾರಿಯನ್ನು ಕೇಳಲು ಹತ್ತು ಕಿಲೋಮೀಟರ್ ಹೋಗಿ ಎಂದರೆ “ಪೆಟ್ರೋಲ್ ದಂಡ” ಎನ್ನುತ್ತಾರೆ. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕಿಲೋ ಮೂಟೆಗೆ 10,000 ದಾಟಿದಾಗ ಒಂದು ಮೂಟೆಯ ಮೇಲೆ ನೂರಿನ್ನೂರು ಹೆಚ್ಚುಕಡಿಮೆ ಆದರೆ ಎಷ್ಟು ವರ್ಷದ ಬೇಳೆ ಆಗುತ್ತಿತ್ತು ಎಂದು ಕೂಡಿ ನೋಡಿದವರು ಕಡಿಮೆ.

ಅದಕ್ಕೆ ನಮ್ಮ ಪಕ್ಕದ ತೋಟದವರು ಈ ಸಲ ಒಂದು ಉಪಾಯ ಮಾಡಿದರು. ನಾವೂ ತಯಾರಕರೇ ಅಲ್ವಾ, ಎಂಆರ್‌ಪಿ ನಾವೂ ಬರೆಯೋಣ ಎಂದು. ಪ್ರತಿ ಮೂಟೆಯ ಮೇಲೂ ಬಣ್ಣದಲ್ಲಿ 25,000 ಎಂದು ಬರೆಸಿ, ಅದಕ್ಕೆ ಕೆಂಪು ಗೀಟು ಎಳೆದು, ಕೆಳಗೆ 12,000 ಎಂದು ಹಾಕಿದರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ‘ನೀವು ಇಂದು ಉಳಿಸಿದ್ದು 13,000’. ಜೀಪಿಗೆ ಹೇರಿಕೊಂಡು ಹೋದರು.

ವ್ಯಾಪಾರಿ ಕನ್ನಡಕ ಏರಿಸಿ ಎಲ್ಲವನ್ನೂ ಓದಿದ. ಮೂಟೆಗೆ ಕೊಕ್ಕೆ ಚುಚ್ಚಿ ಒಂದು ಹಿಡಿ ಚೆರಿ ತೆಗೆದು ತೇವ ಅಳೆಯುವ ಮೀಟರ್‌ಗೆ ಹಾಕಿದ.

“ಇನ್ನೊಂದು ಬಿಸಿಲು ಬೇಕಿತ್ತು ಅಣ್ಣ. 9,800 ಮಾಡಿಕೊಳ್ಳಿ.”

ಮಾಡಿಕೊಂಡರು. ಬರುವಾಗ ಹಾಗೇ ಮೈಸೂರಿಗೆ ಹೋಗಿ ಬಂದರಂತೆ. ಸಕ್ಕರೆಗೆ ಆಫರ್ ಇತ್ತಂತೆ.