ಜಪಾನಿನ ದೆವ್ವಕ್ಕೆ ಕಂಚು, ನಮ್ಮ ದೆವ್ವಕ್ಕೆ ಗದರಿಕೆ

ಜಪಾನಿನ ಸಕಾಯ್‌ಮಿನಾತೊ ಎಂಬ ಮೀನುಗಾರರ ಊರಿನಲ್ಲಿ ತೆಗೆದ ಕಂಚಿನ ದೆವ್ವವೊಂದರ ಫೋಟೋವನ್ನು ಒಸಾಕಾದ ಮನೆಗೆ ಮರಳಿದ ಮೇಲೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೊಸನಗರದಿಂದ ದೊಡ್ಡಪ್ಪನ ಉತ್ತರ ಕೂಡಲೇ ಬಂತು: "ಅಷ್ಟು ದೂರ ಹೋಗಿ ನೋಡಿದ್ದು ಇದನ್ನೇನೋ ಮಾರಾಯ? ಒಂದು ದೇವಸ್ಥಾನ ಸಿಗಲಿಲ್ವಾ?" ಎಲ್ಲರೂ ನಕ್ಕರು. ನನಗೆ ಮಾತ್ರ ಸ್ವಲ್ಪ ಚುಚ್ಚಿತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕುಳಿತು, ಕೊಳ್ಳಿದೆವ್ವ ಗದ್ದೆಯಂಚಿನಲ್ಲಿ ಹೇಗೆ ಹತ್ತಿ, ಆರಿ, ಮತ್ತೆ ಹತ್ತುತ್ತ ಸಾಗುತ್ತದೆ ಎಂದು ನಮ್ಮ ನಿದ್ದೆ ಕೆಡಿಸಿದವರು ಇದೇ ದೊಡ್ಡಪ್ಪ.

ಸಕಾಯ್‌ಮಿನಾತೊ ನಮ್ಮ ಸಾಗರಕ್ಕಿಂತಲೂ ಚಿಕ್ಕ ಊರು. ದೆವ್ವಗಳ ಕಾಮಿಕ್ಸ್‌ಗೆ ಹೆಸರಾದ ಮಿಜುಕಿ ಶಿಗೆರು (1922–2015) ಬೆಳೆದದ್ದು ಅಲ್ಲಿ. ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದ ಈ ಮನುಷ್ಯ ಹೊಟ್ಟೆಪಾಡಿಗಾಗಿ ಬಾಡಿಗೆ ಪುಸ್ತಕದಂಗಡಿಗಳ ಅಗ್ಗದ ಕಾಮಿಕ್ಸ್ ಬರೆದರು. ದೊಡ್ಡ ಪತ್ರಿಕೆಗಳ ಜಾಯಮಾನಕ್ಕೆ ಒಗ್ಗದ ಕಾಮಿಕ್ಸ್‌ಗೆಂದೇ 1964ರಲ್ಲಿ ಶುರುವಾದ 'ಗಾರೊ' ಪತ್ರಿಕೆಗೂ ಬರೆದರು. ಸ್ಮಶಾನದಲ್ಲಿ ಹುಟ್ಟಿದ ಕಿತಾರೊ ಎಂಬ ಅವರ ದೆವ್ವದ ಹುಡುಗ ಮುಂದೆ ದೇಶಕ್ಕೆಲ್ಲ ಪರಿಚಿತನಾದ. 1993ರಿಂದ ಅವರ ದೆವ್ವಗಳು ಆ ಊರಿನ ಬೀದಿಯಲ್ಲಿ ಕಂಚಿನ ವಿಗ್ರಹಗಳಾಗಿ ನಿಲ್ಲತೊಡಗಿ 2018ರ ಹೊತ್ತಿಗೆ 177 ಆದವು. ಊರಿಗೆ ಹೋಗುವ ರೈಲುಮಾರ್ಗದ ನಿಲ್ದಾಣಗಳಿಗೆ ದೆವ್ವಗಳ ಅಡ್ಡಹೆಸರುಗಳಿವೆ, ಹತ್ತಿರದ ವಿಮಾನನಿಲ್ದಾಣಕ್ಕೆ ಕಿತಾರೊನ ಹೆಸರೇ ಇದೆ.

ಅಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಬೆತೊಬೆತೊ ಸಾನ್ ಎಂಬ ದೆವ್ವ. ರಾತ್ರಿ ಒಬ್ಬರೇ ನಡೆಯುವಾಗ ಹಿಂದಿನಿಂದ ಹೆಜ್ಜೆಸಪ್ಪಳ ಕೇಳಿಸಿದರೆ ಪಕ್ಕಕ್ಕೆ ಸರಿದು, "ಬೆತೊಬೆತೊ ಸಾನ್, ನೀವು ಮುಂದೆ ಹೋಗಿ" ಎನ್ನಬೇಕಂತೆ, ಸಪ್ಪಳ ನಿಲ್ಲುತ್ತದೆ. ಬರಿಯ ಸಪ್ಪಳವಾಗಿದ್ದ ಇದಕ್ಕೆ ದುಂಡನೆಯ ಮೈ, ಕಿವಿಯಿಂದ ಕಿವಿಗೆ ಹರಿದ ನಗು, ಎರಡು ಕಾಲು ಕೊಟ್ಟವರು ಮಿಜುಕಿ. ನಮ್ಮಲ್ಲಿಯೂ ರಾತ್ರಿ ಅಂಗಳದಿಂದ ಯಾರೋ ಹೆಸರು ಹಿಡಿದು ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು. ಹಾಗೆ ಕರೆಯುವವನ ಮುಖ ಹೇಗಿರುತ್ತದೆ? ಯಾರೂ ಬರೆದು ತೋರಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಮಿಜುಕಿಗೆ ಬಾಲ್ಯದಲ್ಲಿ ದೆವ್ವಗಳ ಕಥೆ ಹೇಳಿದವಳು ನೆರೆಹೊರೆಯ ಒಬ್ಬ ಮುದುಕಿ. ಮಲೆನಾಡಿನಲ್ಲಿ ಅಂಥ ಮುದುಕಿಯರಿಗೆ ಬರವಿದ್ದದ್ದು ನಾನಂತೂ ಕಾಣೆ.

ನಾನು ಚಿತ್ರದಲ್ಲಿ ಕಂಡ ಮೊದಲ ದೆವ್ವ, ವಿಕ್ರಮನ ಹೆಗಲ ಮೇಲೆ ಜೋತುಬಿದ್ದ ಬೇತಾಳ. ಅದೂ ಮದರಾಸಿನಿಂದ ಬರುತ್ತಿದ್ದ 'ಚಂದಮಾಮ'ದಲ್ಲಿ, ಶಂಕರ್ ಅವರ ಕುಂಚದಲ್ಲಿ. ನೂರಾರು ಪತ್ತೇದಾರಿ ಕಾದಂಬರಿ ಬರೆದು ಕನ್ನಡಕ್ಕೆ ಓದುಗರ ಪಡೆಯನ್ನೇ ಕಟ್ಟಿಕೊಟ್ಟ ಎನ್. ನರಸಿಂಹಯ್ಯನವರನ್ನು ನಾವು ಪಠ್ಯಪುಸ್ತಕದೊಳಗೆ ಅಡಗಿಸಿ ಓದಿದೆವು, ದೊಡ್ಡವರಾದ ಮೇಲೆ ಅವರ ಹೆಸರೆತ್ತಲು ನಾಚಿದೆವು. ಕುಪ್ಪಳಿಯ ಕವಿಮನೆಯನ್ನು ಅಷ್ಟು ಚೆಂದಾಗಿ ಉಳಿಸಿಕೊಂಡ ನಮಗೆ ಬರಹಗಾರರನ್ನು ಗೌರವಿಸಲು ಬರುವುದಿಲ್ಲವೆಂದಲ್ಲ, ಆದರೆ ಗೌರವ ಪಡೆಯಬೇಕಾದರೆ ಬರಹ ಗಂಭೀರವಾಗಿರಬೇಕು, ಹೆದರಿಸಬಾರದು, ಬಾಡಿಗೆಗೆ ಸಿಗಬಾರದು ಎಂಬುದು ನಮ್ಮ ಅಲಿಖಿತ ಕಟ್ಟಳೆ.

ತೇಜಸ್ವಿಯವರು ಈ ಕಟ್ಟಳೆಯನ್ನು ಮುರಿದರು, ಪತ್ತೇದಾರಿಯ ಜಾಡಿನಲ್ಲೇ 'ಜುಗಾರಿ ಕ್ರಾಸ್' ಬರೆದರು, ಅದನ್ನು ಯಾರೂ ಅಗ್ಗದ್ದೆನ್ನಲಿಲ್ಲ ಎಂಬುದನ್ನು ಒಪ್ಪುತ್ತೇನೆ. ದೊಡ್ಡಪ್ಪನ ಮಾತಿನಲ್ಲೂ ಹುರುಳಿದೆ ಎಂದು ಒಪ್ಪುವುದು ಇನ್ನೂ ಕಷ್ಟ. ನಮ್ಮ ಚೌಡಿಗೆ ಈಗಲೂ ಹರಕೆ ಸಲ್ಲುತ್ತದೆ. ಅವಳ ಬನದ ಮರಕ್ಕೆ ಕೊಡಲಿ ಹಾಕಲು ಆಳುಗಳು ಇವತ್ತಿಗೂ ಹಿಂದೆಮುಂದೆ ನೋಡುತ್ತಾರೆ. ಅವಳನ್ನು ಕಂಚಿನಲ್ಲಿ ಎರಕ ಹೊಯ್ದು ಹೊಸನಗರದ ಬಸ್‌ಸ್ಟ್ಯಾಂಡಿನೆದುರು ನಿಲ್ಲಿಸಿ, ಜನ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಂಡರೆ ನನಗೂ ಕಸಿವಿಸಿಯಾದೀತು. ಸಕಾಯ್‌ಮಿನಾತೊದ ಬೀದಿಯಲ್ಲೇ ದೆವ್ವಗಳಿಗೊಂದು ಗುಡಿ ಕಟ್ಟಿದ್ದಾರೆ, ಗೊಂಬೆ ಕೊಂಡವರೇ ಅಲ್ಲಿ ಕೈಯನ್ನೂ ಮುಗಿಯುತ್ತಾರೆ ಎಂದು ವಾದಿಸಬಹುದು. ಊರಿನಲ್ಲಿ ಆ ವಾದ ನಡೆಯದು. ಸರಿ, ಚೌಡಿಯ ತಂಟೆಗೆ ಹೋಗುವುದು ಬೇಡ. ಆದರೆ ಕೊಳ್ಳಿದೆವ್ವಕ್ಕೆ ಬನವೂ ಇಲ್ಲ, ಹರಕೆಯೂ ಇಲ್ಲ. ಅದರ ಚಿತ್ರ ಬರೆಯುವುದಕ್ಕೆ ನಮ್ಮ ಹುಡುಗರು ಯಾರ ಅಪ್ಪಣೆಗೆ ಕಾಯಬೇಕು?