ಗಾಯವಿಲ್ಲದ ತೋಳು ಕೊಟ್ಟವರು

ಹೋದ ತಿಂಗಳು ಅಕ್ಕನ ಮಗ ಮ್ಯಾಂಚೆಸ್ಟರಿನಿಂದ ಫೋನ್ ಮಾಡಿದ್ದ. ಅಲ್ಲಿ ಓದುತ್ತಿದ್ದಾನೆ. "ಚಿಕ್ಕಿ, ಇಲ್ಲೊಂದು ಟ್ರಯಲ್‌ಗೆ ಆರೋಗ್ಯವಾಗಿರೋರು ಬೇಕಂತೆ. ಎರಡೂ ತೋಳಿನ ಮೇಲೆ ಸಣ್ಣ ಗಾಯ ಮಾಡಿ, ಒಂದಕ್ಕೆ ಹೊಸ ಔಷಧಿ ಹಾಕಿ ನೋಡ್ತಾರಂತೆ. ಸೇರ್ಲಾ?" ಎಂದ. ಪಕ್ಕದಲ್ಲೇ ಕೂತಿದ್ದ ಅಕ್ಕ ಫೋನ್ ಕಿತ್ತುಕೊಂಡಳು. "ನೆಟ್ಟಗಿರೋ ಕೈನ ಯಾಕೋ ಕುಯ್ಸ್ಕೋತೀಯಾ? ದುಡ್ಡು ಬೇಕಿದ್ರೆ ಕೇಳು, ಕಳಿಸ್ತೀನಿ" ಎಂದು ಬೈದಳು.

ಅಕ್ಕನ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವನನ್ನು ತಡೆಯಲು ನನಗೆ ಬಾಯಿ ಬರಲಿಲ್ಲ. ಅಮ್ಮನ ಹಿಮ್ಮಡಿಯ ಹುಣ್ಣಿಗೆ 11 ತಿಂಗಳು ದಿನಾ ಡ್ರೆಸ್ಸಿಂಗ್ ಮಾಡಿದವಳು ನಾನು. ಶುಗರ್ ಇರುವವರ ಕಾಲಿನ ಗಾಯ ಹೇಗಿರುತ್ತದೆ ಅಂತ ನೋಡಿದವರಿಗೆ ಗೊತ್ತು. ಬೆಳಿಗ್ಗೆ ಗಾಜ್ ಬಟ್ಟೆ ಬಿಚ್ಚುವಾಗ ಇವತ್ತಾದರೂ ಅಂಚು ಒಂದು ಎಳೆಯಷ್ಟು ಒಳಗೆ ಬಂದಿದೆಯಾ ಅಂತ ನೋಡುವುದು. ಬಂದಿರುವುದಿಲ್ಲ. ಮತ್ತೆ ತೊಳೆದು ಕಟ್ಟುವುದು. ಆ ದಿನಗಳಲ್ಲಿ ಎಷ್ಟೊಂದು ಮುಲಾಮು ಬಂದವು, ಹೋದವು. ಅದರಲ್ಲಿ ಒಂದನ್ನಾದರೂ ಮೊದಲು ಯಾರ ಮೈ ಮೇಲೆ ಹಚ್ಚಿ ನೋಡಿದರು ಅಂತ ಆಗ ನನಗೆ ತೋಚಲೇ ಇಲ್ಲ.

ಗಾಯ ಇರುವವರು ಇಷ್ಟು ಜನ ಇರುವಾಗ ಆರೋಗ್ಯವಂತರ ಚರ್ಮ ಯಾಕೆ ಕುಯ್ಯಬೇಕು? ಅಕ್ಕ ಕೇಳಿದ್ದು ಇದನ್ನೇ. ಮೊದಲನೆಯದಾಗಿ, ಔಷಧಿಯಿಂದ ಅಪಾಯ ಇದೆಯಾ ಅಂತ ಮೊದಲೇ ಸೊರಗಿರುವ ಮೈ ಮೇಲೆ ನೋಡುವುದು ಕಷ್ಟ. ಇನ್ನೊಂದು ಕಾರಣ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಕಾಯಿಲೆಯವರ ಒಂದು ಗಾಯ ಇನ್ನೊಂದರ ಹಾಗೆ ಇರುವುದಿಲ್ಲ. ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಬೀಡಿ ಚಟ, ಮತ್ತೊಬ್ಬರಿಗೆ ಕಾಲಿಗೆ ರಕ್ತವೇ ಸರಿಯಾಗಿ ಇಳಿಯುವುದಿಲ್ಲ. ಗಾಯ ಮಾಯ್ದರೆ ಅದು ಔಷಧಿಯಿಂದಲೋ, ಊಟ ಸರಿ ಮಾಡಿದ್ದರಿಂದಲೋ? ಆರೋಗ್ಯವಂತರ ತೋಳಿನಲ್ಲಾದರೆ ಒಂದೇ ದಿನ, ಒಂದೇ ಅಳತೆಯ ಗಾಯ. ಒಂದು ತೋಳಿಗೆ ಔಷಧಿ, ಇನ್ನೊಂದಕ್ಕೆ ಔಷಧಿ ಇಲ್ಲದ ದ್ರವ. ಅದೇ ಮನುಷ್ಯ, ಅದೇ ಊಟ, ಅದೇ ನಿದ್ದೆ. ವ್ಯತ್ಯಾಸ ಕಂಡರೆ ಅದು ಔಷಧಿಯದ್ದು ಅಂತ ಧೈರ್ಯವಾಗಿ ಹೇಳಬಹುದು.

ಇಂಥ ಪರೀಕ್ಷೆಗೆ ಮ್ಯಾಂಚೆಸ್ಟರ್ ಹಳೆಯ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಫರ್ಗ್ಯೂಸನ್ ಅನ್ನುವ ವಿಜ್ಞಾನಿ ಮೊಸಳೆ ಜಾತಿಯ ಪ್ರಾಣಿಗಳ ಭ್ರೂಣಗಳನ್ನು ಓದಿದವರು. ಭ್ರೂಣದ ಎಳೆಯ ಹಂತದಲ್ಲಿ ಚರ್ಮಕ್ಕೆ ಗಾಯವಾದರೆ ಕಲೆ ಉಳಿಯುವುದಿಲ್ಲ. ಅಂಥ ಗಾಯದಲ್ಲಿ ಟಿಜಿಎಫ್ ಬೀಟಾ-3 ಅನ್ನುವ ಪ್ರೋಟೀನ್ ಜಾಸ್ತಿ ಇರುತ್ತದೆ. ಬೆಳೆದವರ ಗಾಯದಲ್ಲಿ ಅದೇ ಕುಟುಂಬದ ಬೀಟಾ-1, ಬೀಟಾ-2 ಜಾಸ್ತಿ. ಹಾಗಾದರೆ ಬೀಟಾ-3ನ್ನು ಹೊರಗಿನಿಂದ ಕೊಟ್ಟರೆ? ಈ ಯೋಚನೆಯಿಂದ ರೆನೋವೊ ಅನ್ನುವ ಕಂಪನಿ ಹುಟ್ಟಿತು. ಔಷಧಿಯ ಹೆಸರು ಅವೊಟರ್ಮಿನ್.

ಇದನ್ನು ಮೊದಲು ನೋಡಿದ್ದು ಆರೋಗ್ಯವಂತರ ತೋಳಿನ ಮೇಲೆ. ಚರ್ಮದ ಪೂರ್ತಿ ಆಳಕ್ಕೆ 1 ಸೆಂಟಿಮೀಟರ್ ಉದ್ದದ ಕೊಯ್ತ. ಕುಯ್ಯುವ ಮೊದಲು ಅಂಚುಗಳಿಗೆ ಚುಚ್ಚುಮದ್ದು, 24 ಗಂಟೆ ಕಳೆದ ಮೇಲೆ ಮತ್ತೊಂದು. ಯಾವ ಗಾಯಕ್ಕೆ ಔಷಧಿ ಬಿದ್ದಿದೆ ಅಂತ ಕೊಟ್ಟವರಿಗೂ ಗೊತ್ತಿಲ್ಲ, ಹಾಕಿಸಿಕೊಂಡವರಿಗೂ ಗೊತ್ತಿಲ್ಲ. ಆಮೇಲೆ ತಿಂಗಳುಗಟ್ಟಲೆ ಕಾದು ಕಲೆ ನೋಡಿದರು. ಫಲಿತಾಂಶ 2009ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 100 ಮಿಲಿಮೀಟರ್‌ನ ಒಂದು ಗೆರೆಯ ಮೇಲೆ ಕಲೆಗೆ ಅಂಕ ಹಾಕುವ ಪದ್ಧತಿ ಅದು. ಒಂದು ಡೋಸ್‌ನಲ್ಲಿ 6 ತಿಂಗಳಿಗೆ 5 ಮಿಲಿಮೀಟರ್, 12 ತಿಂಗಳಿಗೆ 8 ಮಿಲಿಮೀಟರ್ ಸುಧಾರಣೆ ಕಂಡಿತು.

ನೂರರಲ್ಲಿ ಎಂಟು. ಸಣ್ಣದು, ಆದರೂ ಏನೋ ಇದೆ ಅನ್ನುವಷ್ಟು. ಕೊನೆಗೆ ದೊಡ್ಡ ಪರೀಕ್ಷೆ ಮಾಡಿದರು. ಹಳೆಯ ಕಲೆ ತೆಗೆಸಿಕೊಳ್ಳಲು ಆಪರೇಷನ್‌ಗೆ ಬಂದ ರೋಗಿಗಳ ಮೇಲೆ. ಅದು 2011ರ ಫೆಬ್ರುವರಿಯಲ್ಲಿ ಸೋತಿತು. ಔಷಧಿ ಅಂಗಡಿಗೆ ಬರಲೇ ಇಲ್ಲ.

ನಾನು ಯೋಚಿಸುವುದು ಆ ತೋಳುಗಳ ಬಗ್ಗೆ. ಔಷಧಿ ಹೋಯಿತು, ಕಲೆ ಅವರ ಮೈಯಲ್ಲೇ ಉಳಿಯಿತು. ಅವರ ಗಾಯ ದಂಡವಾಯಿತು ಅಂತ ನಾನು ಒಪ್ಪುವುದಿಲ್ಲ. ಈ ದಾರಿ ಎಲ್ಲಿಗೆ ನಿಲ್ಲುತ್ತದೆ ಅಂತ ಕೊನೆಗೆ ಗೊತ್ತಾಗಿದ್ದೂ ಅವರು ಮೊದಲ ಹೆಜ್ಜೆ ಇಟ್ಟಿದ್ದರಿಂದಲೇ ಅಲ್ವಾ? ಆದರೆ ಅದು ಅವರಿಗೆ ತಿಳಿಯಬೇಕು. ಗೆದ್ದ ಪರೀಕ್ಷೆ ಎಲ್ಲ ಕಡೆ ಸುದ್ದಿಯಾಗುತ್ತದೆ. ಸೋತಿದ್ದು ಕಪಾಟು ಸೇರಬಾರದು. ಮೈ ಕೊಟ್ಟವರಿಗೆ ಫಲಿತಾಂಶ ಹೇಳುವುದು ಅವರ ಸಾಲ ತೀರಿಸಿದ ಹಾಗೆ. ಇದರಲ್ಲಿ ನನಗೆ ರಾಜಿ ಇಲ್ಲ.

ಇನ್ನೊಂದು ಮಾತು. 22 ವರ್ಷದ ಹುಡುಗನ ತೋಳಿನ ಗಾಯ ಏನೂ ಹಚ್ಚದಿದ್ದರೂ ಕೆಲವೇ ವಾರದಲ್ಲಿ ಹಕ್ಕಳೆ ಉದುರಿ ಮಾಯುತ್ತದೆ. ಅಮ್ಮನ ಹಿಮ್ಮಡಿಯಲ್ಲಿ ನರ ಜೋಮು ಹಿಡಿದಿತ್ತು. ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಅಲ್ಲಿಗೂ ಇಲ್ಲಿಗೂ ತುಂಬಾ ದೂರ. ಆರೋಗ್ಯವಂತರಲ್ಲಿ ಚೆನ್ನಾಗಿ ಬಂತು ಅನ್ನುವುದನ್ನೇ ಹಿಡಿದು ಶುಗರ್ ರೋಗಿಗಳಿಗೆ ಆಸೆ ತೋರಿಸುವುದು ತಪ್ಪು. ಆಸೆ ಎಷ್ಟು ಬೇಗ ಹುಟ್ಟುತ್ತದೆ, ಎಷ್ಟು ದುಡ್ಡು ತಿನ್ನುತ್ತದೆ ಅಂತ ನಾನು ಕಂಡಿದ್ದೇನೆ.

ಹಾಗಂತ ಆರೋಗ್ಯವಂತರ ಗಾಯ ಏನೂ ಹೇಳುವುದಿಲ್ಲ ಅಂತಲ್ಲ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸಂಶೋಧಕರು 13 ಹೆಂಗಸರ ಚರ್ಮದ ಮೇಲೆ 3.5 ಮಿಲಿಮೀಟರ್ ಗಾಯ ಮಾಡಿದರು. ಎಲ್ಲರೂ ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದವರು. ಅಂಥ ಹೊರೆ ಇಲ್ಲದ 13 ಜನಕ್ಕೂ ಅದೇ ಗಾಯ. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ 9 ದಿನ ಜಾಸ್ತಿ ಹಿಡಿಯಿತು. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಆ 11 ತಿಂಗಳಲ್ಲಿ ಕೈಗೆ ತಾಗಿದ ಈಳಿಗೆ ಗಾಯವೂ ಬೇಗ ಮಾಯುತ್ತಿರಲಿಲ್ಲ. ನನ್ನ ಭ್ರಮೆ ಅಂದುಕೊಂಡಿದ್ದೆ.

ಅಕ್ಕನ ಭಯಕ್ಕೂ ಕಾರಣ ಇದೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಅನ್ನುವ ಔಷಧಿಯನ್ನು ಆರು ಆರೋಗ್ಯವಂತ ಗಂಡಸರಿಗೆ ಕೆಲವೇ ನಿಮಿಷದ ಅಂತರದಲ್ಲಿ ಕೊಟ್ಟರು. ಆರೂ ಜನ ಐಸಿಯು ಸೇರಿದರು. ಜೀವ ಉಳಿಯಿತು. ಅದು ಗಾಯದ ಔಷಧಿ ಅಲ್ಲ, ಇಡೀ ಮೈಗೆ ಹೋಗುವಂಥದ್ದು. ಆಮೇಲೆ, ಮೊದಲು ಒಬ್ಬರಿಗೆ ಕೊಟ್ಟು ಕಾದು ನೋಡುವ ಕ್ರಮಕ್ಕೆ ಒತ್ತು ಬಂತು.

ನಮ್ಮ ದೇಶದಲ್ಲೂ 2019ರ ನಿಯಮ ಇದೆ. ಒಪ್ಪಿಗೆ ಪತ್ರ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಪರೀಕ್ಷೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯಲ್ಲಿ ಡಾಕ್ಟರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿಯೂ ಕೂರಬೇಕು. ಒಳ್ಳೆಯ ನಿಯಮ. ಆದರೆ ಮನೆ ಬಾಡಿಗೆ ಕಟ್ಟಲು ಒಂದಾದ ಮೇಲೊಂದು ಪರೀಕ್ಷೆಗೆ ಹೋಗುವವನು ಆ ಪತ್ರವನ್ನು ಎಷ್ಟು ನಿಧಾನವಾಗಿ ಓದಿಯಾನು? ಸಮಯಕ್ಕೆ ದುಡ್ಡು ಕೊಡುವುದು ನ್ಯಾಯವೇ. ಬೇಡ ಅನ್ನಲು ಆಗದವನ ಸಹಿಯನ್ನು ಒಪ್ಪಿಗೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಂಥವರನ್ನು "ಪ್ರಯೋಗದ ಇಲಿಗಳು" ಅಂತ ಹಂಗಿಸುವುದನ್ನೂ ದಯವಿಟ್ಟು ಬಿಡೋಣ.

ರಾತ್ರಿ ಹುಡುಗನಿಗೆ ಮತ್ತೆ ಫೋನ್ ಮಾಡಿದೆ. "ನಿನ್ನಮ್ಮ ಮೂಗು ಚುಚ್ಚಿಸಿಕೊಂಡಾಗ ಅಲ್ಲಿ ಗಂಟು ಕಟ್ಟಿತ್ತು, ಗೊತ್ತಾ? ಅದಕ್ಕೆ ಕೀಲಾಯ್ಡ್ ಅಂತಾರೆ. ಕೆಲವು ಮನೆತನದಲ್ಲಿ ಬರುತ್ತೆ. ನಮ್ಮಂಥ ಕಪ್ಪು ಚರ್ಮದವರಿಗೆ ಜಾಸ್ತಿ. ಮೊದಲು ಟ್ರಯಲ್‌ನವರಿಗೆ ಇದನ್ನು ಹೇಳು. ಗಾಯ ಕೀವಾದರೆ ಯಾರು ನೋಡ್ತಾರೆ ಕೇಳು. ಮಧ್ಯದಲ್ಲಿ ಬೇಡ ಅನಿಸಿದ್ರೆ ಬಿಡಬಹುದಾ ಕೇಳು. ಮುಗಿದ ಮೇಲೆ ಏನಾಯ್ತು ಅಂತ ನಿನಗೆ ಬರೆದು ತಿಳಿಸ್ತಾರಾ, ಅದನ್ನಂತೂ ಮರೀದೆ ಕೇಳು" ಎಂದೆ. ಅಕ್ಕ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಫೋನ್ ಇಟ್ಟ ಮೇಲೆ ಬಂದು, "ಮರಗಟ್ಟೋ ಇಂಜೆಕ್ಷನ್ ಕೊಟ್ಟೇ ಕುಯ್ತಾರಲ್ವಾ?" ಎಂದಳು.

ಅವನು ಗುರುವಾರ ಹೋಗಿ ಎಲ್ಲಾ ಕೇಳಿಕೊಂಡು ಬರುತ್ತಾನಂತೆ.